ಕೋಟೆ ಮೇಲಿನ ಆಡಿಯೋದಲ್ಲಿ ಗುರ್ರ್ ಸದ್ದು

ಚಿತ್ರದುರ್ಗದ ಕೋಟೆ ಮೇಲೆ ವಿಡಿಯೋಗಾಗಿ ಮಾತು ರೆಕಾರ್ಡ್ ಮಾಡಿದರೆ ಗುರ್ರ್ ಅಂತ ಸದ್ದು ಬರುತ್ತೆ, ರೆಕಾರ್ಡರ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ, ಅದು ಗಾಳಿ ಇರಬೇಕು. ಅಲ್ಲಿ ಮೈಕಿಗೆ ಬರೀ ಸ್ಪಂಜಿನ ಟೋಪಿ ಸಾಲೋದಿಲ್ಲ. ಮೊದಲು ಮೈಕಿಗೆ ಕೂದಲು ಕೂದಲಾಗಿರುವ ಕವರ್ ಹಾಕಿ, ಬೆಕ್ಕಿನ ಮರಿ ಥರ ಕಾಣುತ್ತಲ್ಲ, ಅದೇ. ಆಮೇಲೆ ರೆಕಾರ್ಡರಿನ ಮೆನುವಿನಲ್ಲಿ ಲೋ ಕಟ್, ಅಂದರೆ ತಗ್ಗು ದನಿಯ ಗುರ್ರ್ ಸದ್ದನ್ನು ಕಡಿಮೆ ಮಾಡುವ ಸೆಟ್ಟಿಂಗ್, 80 ಹರ್ಟ್ಜ್‌ಗೆ ಇಡಿ. ಮಾತಾಡುವಾಗ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 12 ಡಿಬಿ (ಡೆಸಿಬಲ್) ಆಸುಪಾಸು ಕುಣಿಯಬೇಕು, ಸೊನ್ನೆ ಮುಟ್ಟಬಾರದು. ಮುಖ್ಯವಾಗಿ ರೆಕಾರ್ಡರನ್ನು ಕ್ಯಾಮೆರಾ ಮೇಲೆ ಕೂರಿಸಬೇಡಿ. ಫ್ರೇಮಿಗೆ ಕಾಣದ ಹಾಗೆ ಬಾಯಿಂದ ಒಂದೆರಡು ಗೇಣು ದೂರದಲ್ಲಿ ಹಿಡಿಯಿರಿ, ಇಲ್ಲವೇ ರೆಕಾರ್ಡರಿಗೆ ಕಾಲರ್ ಮೈಕ್ ಚುಚ್ಚಿ ರೆಕಾರ್ಡರನ್ನು ಜೇಬಿಗೆ ಹಾಕಿಬಿಡಿ. ಆಗ ಪ್ಲಗ್-ಇನ್ ಪವರ್, ಅಂದರೆ ರೆಕಾರ್ಡರಿನಿಂದ ಮೈಕಿಗೆ ಕರೆಂಟ್ ಕೊಡುವ ಸೆಟ್ಟಿಂಗ್, ಆನ್ ಮಾಡೋದು ಮರೀಬೇಡಿ.

32 ಬಿಟ್ ಫ್ಲೋಟ್, ಅಂದರೆ ತೀರಾ ಜೋರು ದನಿಯನ್ನೂ ಒಡೆಯದೆ ಹಿಡಿಯುವ ರೆಕಾರ್ಡಿಂಗ್ ವಿಧಾನ, ಇರುವ ಹೊಸ ರೆಕಾರ್ಡರ್ ತಗೊಳ್ಳಲಾ ಅಂತಲೂ ಕೇಳಿದ್ದೀರಿ. ಲೆವೆಲ್ ಜಾಸ್ತಿಯಾಗಿ ದನಿ ಒಡೆದರೆ ಅದು ಉಳಿಸುತ್ತೆ, ಆದರೆ ಗಾಳಿ ಮೈಕಿಗೇ ಬಡಿದರೆ ಅದರಿಂದಲೂ ಏನೂ ಆಗೋದಿಲ್ಲ. ನಾನೂ ಅದೇ ಆಸೆಗೆ ಬಿದ್ದು ಒಂದು ತಗೊಂಡೆ, ಓಬವ್ವನ ಕಿಂಡಿ ಹತ್ತಿರ ಮತ್ತದೇ ಗುರ್ರ್! ಸುಮ್ನೆ ದುಡ್ಡು ದಂಡ.

ಮುಂದಿನ ಸಲ ರೆಕಾರ್ಡರಿನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತೆ ಅನ್ನೋದು) 48 ಕಿಲೋಹರ್ಟ್ಜ್‌ನಲ್ಲಿ ಇಟ್ಟು, ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ, ವಿಡಿಯೋಗೆ ಜೋಡಿಸೋದು ಸುಲಭ. ಈಗಿರುವ ಫೈಲು ಎಷ್ಟು ಸರಿಹೋಗುತ್ತೋ ಕೇಳಿ ನೋಡದೆ ಹೇಳೋದು ಕಷ್ಟ. ಎಡಿಟರಿನಲ್ಲಿ 100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ ನೋಡಿ, ಆಗಲೂ ಮಾತು ತಿಳಿಯದಿದ್ದರೆ ಮನೆಯಲ್ಲೇ ಕೂತು ಅದೇ ಮಾತು ಮತ್ತೆ ಹೇಳಿ ರೆಕಾರ್ಡ್ ಮಾಡಿ ವಿಡಿಯೋ ಮೇಲೆ ಅಂಟಿಸಿಬಿಡಿ.