ಬಟನ್ ಒತ್ತಿದ ಸಾಲಿನ ಬೆಲೆ ಮಾತ್ರ ಬದಲಾಗಬೇಕು, ಜೆಕ್ವೆರಿಯಲ್ಲಿ ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಮಾವನವರ ದಿನಸಿ ಅಂಗಡಿಗೆ ಜೆಕ್ವೆರಿ (ವೆಬ್ ಪುಟ ಬದಲಿಸಲು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟ ಸಿದ್ಧ ಕೋಡ್) ಬಳಸಿ ಬೆಲೆಪಟ್ಟಿಯ ಪುಟ ಮಾಡಿದ್ದೀರಿ. ಪ್ರತಿ ಸಾಲಿನಲ್ಲೂ ಸರಕಿನ ಹೆಸರು, ಬೆಲೆ, ಪಕ್ಕದಲ್ಲಿ ‘ಬದಲಿಸು’ ಅನ್ನುವ ಬಟನ್. ಅಕ್ಕಿಯ ಬಟನ್ ಒತ್ತಿದರೆ ಬೇಳೆ, ಬೆಲ್ಲ, ಎಣ್ಣೆ ಎಲ್ಲದರ ಬೆಲೆಯೂ ಬದಲಾಗುತ್ತಿದೆ. ಬೆಲೆಗೆ ಕ್ಲಾಸ್ (ಹಲವು ಭಾಗಕ್ಕೆ ಕೊಡಬಹುದಾದ ಹೆಸರು) ತೆಗೆದು ಐಡಿ (ಒಂದೇ ಭಾಗಕ್ಕೆ ಕೊಡುವ ಹೆಸರು) ಹಾಕಿ ನೋಡಿದಿರಿ. ಆಗ ಯಾವ ಬಟನ್ ಒತ್ತಿದರೂ ಮೊದಲನೇ ಸಾಲು ಮಾತ್ರ ಬದಲಾಯಿತು. ಇನ್ನು ಹೊಸದಾಗಿ ಸೇರಿಸಿದ ಸಾಲಿನ ಬಟನ್ ಕೆಲಸವನ್ನೇ ಮಾಡುತ್ತಿಲ್ಲ.

ಮೊದಲ ಎರಡು ತೊಂದರೆಗೂ ಕಾರಣ ಒಂದೇ. ನೀವು ಪ್ರತಿ ಸಲವೂ ಇಡೀ ಪುಟವನ್ನು ಹುಡುಕುತ್ತಿದ್ದೀರಿ. ಹುಡುಕಾಟ ಶುರುವಾಗಬೇಕಾದ್ದು ಕ್ಲಿಕ್ ಆದ ಜಾಗದಿಂದ. ಮೂರನೆಯದು ಬೇರೆ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ.

ಕೋಡ್ ತೋರಿಸುವ ಮೊದಲು ಒಂದು ಮಾತು. ಮೆಥಡ್‌ಗಳ (ಜೆಕ್ವೆರಿಗೆ ಕೊಡುವ ಆಜ್ಞೆಗಳ) ಹೆಸರನ್ನು, ಫಂಕ್ಷನ್, ದಿಸ್, ಕ್ಲಿಕ್‌ನಂಥ ಪದಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ನೀವು ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹಾಕಿ. ಆಡ್‌ಕ್ಲಾಸ್, ಪಾರ್ಸ್‌ಇಂಟ್, ಕರೆಂಟ್ ಟಾರ್ಗೆಟ್, ಕ್ವೆರಿ ಸೆಲೆಕ್ಟರ್‌ನಂಥ ಎರಡು ಪದದ ಹೆಸರಲ್ಲಿ ಮಾತ್ರ ಜಾಗ ಬಿಡದೆ ಎರಡನೇ ಪದದ ಮೊದಲಕ್ಷರ ದೊಡ್ಡದಿರಲಿ. ಆದರೆ ಕ್ಲಾಸ್ ಮತ್ತು ಐಡಿಯ ಹೆಸರು ಕನ್ನಡದಲ್ಲೇ ಇರಬಹುದು, ಅದು ನಿಜಕ್ಕೂ ಕೆಲಸ ಮಾಡುತ್ತದೆ. ಫೈಲನ್ನು ಯುಟಿಎಫ್-8 (ಕನ್ನಡ ಅಕ್ಷರಗಳನ್ನೂ ಉಳಿಸುವ ರೀತಿ) ಆಗಿ ಸೇವ್ ಮಾಡಿದ್ದರೆ ಸಾಕು.

ಈಗ ನಿಮ್ಮ ಹತ್ತಿರ ಇರುವುದು ಹೆಚ್ಚುಕಡಿಮೆ ಇದು:

$(".ಬದಲಿಸು").ಆನ್("ಕ್ಲಿಕ್", ಫಂಕ್ಷನ್ () {
  $(".ಬೆಲೆ").ಟೆಕ್ಸ್ಟ್("45");
});

ಒಳಗಿನ ಸಾಲನ್ನು ನೋಡಿ. ಡಾಲರ್ ಚಿಹ್ನೆಯೊಳಗೆ ಬರೀ ".ಬೆಲೆ" ಅಂತ ಕೊಟ್ಟರೆ ‘ಈ ಪುಟದಲ್ಲಿ ಬೆಲೆ ಅನ್ನುವ ಕ್ಲಾಸ್ ಇರುವುದೆಲ್ಲವೂ’ ಅಂತ ಅರ್ಥ. ನಲವತ್ತು ಸಾಲು ಇದ್ದರೆ ನಲವತ್ತೂ ಕೈಗೆ ಬರುತ್ತವೆ. ಅವುಗಳ ಮೇಲೆ ಟೆಕ್ಸ್ಟ್ ಅಂತ ಕರೆದರೆ ಜೆಕ್ವೆರಿ ತಾನೇ ಒಂದೊಂದಕ್ಕೂ ಹೋಗಿ ಬರೆದು ಬರುತ್ತದೆ. ಇದು ತಪ್ಪಲ್ಲ, ಅದನ್ನು ಮಾಡಿರುವುದೇ ಹಾಗೆ. ಎಲ್ಲ ಬೆಲೆಯನ್ನೂ ಒಮ್ಮೆಗೇ ದಪ್ಪಕ್ಷರ ಮಾಡಬೇಕು ಅಂದಾಗ ಇದೇ ಗುಣ ನಮ್ಮ ಕೈ ಹಿಡಿಯುತ್ತದೆ.

ಐಡಿಯ ಕಥೆ ಇದಕ್ಕೆ ಉಲ್ಟಾ. ಒಂದು ಪುಟದಲ್ಲಿ ಒಂದು ಐಡಿ ಒಂದೇ ಕಡೆ ಇರಬೇಕು ಅನ್ನುವುದು ಎಚ್‌ಟಿಎಂಎಲ್ (ಪುಟ ಬರೆಯುವ ಭಾಷೆ) ನಿಯಮ. ನೀವು ಪ್ರತಿ ಸಾಲಿಗೂ ಅದೇ ಐಡಿ ಕೊಟ್ಟರೆ ಬ್ರೌಸರ್ ಜಗಳ ಮಾಡುವುದಿಲ್ಲ, ಪುಟ ಚೆನ್ನಾಗಿಯೇ ಕಾಣುತ್ತದೆ. ಆದರೆ $("#ಬೆಲೆ") ಅಂತ ಕೇಳಿದರೆ ಜೆಕ್ವೆರಿ ಸಾಮಾನ್ಯವಾಗಿ ಮೊದಲು ಸಿಕ್ಕಿದ್ದನ್ನು ಕೊಟ್ಟು ಅಲ್ಲಿಗೇ ನಿಲ್ಲುತ್ತದೆ. ಬೆಲೆ-1, ಬೆಲೆ-2 ಅಂತ ಸಾಲಿಗೊಂದು ಐಡಿ ಕೊಡಿ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ನಾಳೆ ನಡುವಿನ ಒಂದು ಸಾಲು ತೆಗೆದ ದಿನ ನಂಬರ್ ಲೆಕ್ಕ ಇಡುವುದೇ ಒಂದು ಕೆಲಸವಾಗುತ್ತದೆ.

ಪರಿಹಾರ ಇದು:

$(ದಿಸ್).ಕ್ಲೋಸೆಸ್ಟ್(".ಸಾಲು").ಫೈಂಡ್(".ಬೆಲೆ").ಟೆಕ್ಸ್ಟ್("45");

ಬಾಯಿಮಾತಿನಲ್ಲಿ ಹೇಳುವುದಾದರೆ: ಈಗ ಒತ್ತಿದ ಬಟನ್‌ನಿಂದ ಹೊರಡು, ಮೇಲಕ್ಕೆ ಹೋಗುತ್ತಾ ‘ಸಾಲು’ ಅನ್ನುವ ಕ್ಲಾಸ್ ಸಿಕ್ಕ ತಕ್ಷಣ ನಿಲ್ಲು, ಆ ಸಾಲಿನ ಒಳಗೆ ಮಾತ್ರ ‘ಬೆಲೆ’ ಹುಡುಕು, ಅದಕ್ಕೆ ಬರೆ. ದಿಸ್ ಅಂದರೆ ಒತ್ತಿದ ಆ ಒಂದೇ ಬಟನ್. ಹತ್ತನೇ ಸಾಲಿನ ಬಟನ್ ಒತ್ತಿದರೆ ಹುಡುಕಾಟ ಹತ್ತನೇ ಸಾಲಿನ ಗೋಡೆ ದಾಟಿ ಹೋಗುವುದೇ ಇಲ್ಲ.

ಇಲ್ಲಿ ಕ್ಲೋಸೆಸ್ಟ್ ಬದಲು ‘ಪೇರೆಂಟ್’ ಅನ್ನು ಎರಡು ಸಲ ಬರೆಯುವ ಅಭ್ಯಾಸ ತುಂಬಾ ಜನಕ್ಕಿದೆ. ಬಟನ್‌ನಿಂದ ಒಂದು ಹೆಜ್ಜೆ ಮೇಲೆ ಟಿಡಿ (ಟೇಬಲ್‌ನ ಒಂದು ಮನೆ), ಇನ್ನೊಂದು ಹೆಜ್ಜೆ ಮೇಲೆ ಟಿಆರ್ (ಟೇಬಲ್‌ನ ಒಂದು ಸಾಲು), ಲೆಕ್ಕ ಸರಿಯಾಗಿಯೇ ಇದೆ ಅಲ್ವಾ? ನಾನೂ ಒಂದು ಪುಟದಲ್ಲಿ ಹಾಗೆಯೇ ಬರೆದಿದ್ದೆ. ಕೆಲವು ತಿಂಗಳು ಏನೂ ಆಗಲಿಲ್ಲ. ಆಮೇಲೆ ಮೊಬೈಲಿನಲ್ಲಿ ಬಟನ್ ಚೆನ್ನಾಗಿ ಕೂರಲಿ ಅಂತ ಅದರ ಸುತ್ತ ಒಂದು ಡಿವ್ (ಹೊದಿಕೆಯಂಥ ಖಾಲಿ ಪೆಟ್ಟಿಗೆ) ಹಾಕಿದೆ. ಅವತ್ತಿನಿಂದ ಬಟನ್ ಒತ್ತಿದರೆ ಏನೂ ಆಗದು. ಎರರ್ ಕೂಡ ಬರಲಿಲ್ಲ. ಎರಡು ಹೆಜ್ಜೆ ಮೇಲೆ ಹೋದರೆ ಈಗ ಸಿಗುತ್ತಿದ್ದದ್ದು ಟಿಡಿ, ಅದರೊಳಗೆ ಬೆಲೆಯೇ ಇರಲಿಲ್ಲ. ಇದನ್ನು ಕಂಡುಹಿಡಿಯಲು ನನಗೆ ಅರ್ಧ ದಿನ ಹೋಯಿತು. ಹೆಜ್ಜೆ ಎಣಿಸಬೇಡಿ, ಹೆಸರು ಹಿಡಿದು ಹೋಗಿ. ನಡುವೆ ಎಷ್ಟು ಡಿವ್ ಬಂದರೂ ಕ್ಲೋಸೆಸ್ಟ್ ದಾರಿ ತಪ್ಪುವುದಿಲ್ಲ.

ಒಂದು ಎಚ್ಚರಿಕೆ. ಹೊಸ ಶೈಲಿಯ ಬಾಣದ ಗುರುತಿನ ಫಂಕ್ಷನ್ ಬರೆದರೆ ಅದರೊಳಗಿನ ದಿಸ್ ಬಟನ್ ಆಗಿರುವುದಿಲ್ಲ, ಹೊರಗಿನ ದಿಸ್ ಏನಿತ್ತೋ ಅದೇ ಆಗಿರುತ್ತದೆ. ಹಾಗಾಗಿ ಇಲ್ಲಿ ಹಳೇ ಮಾದರಿಯ ಫಂಕ್ಷನ್ನೇ ಇರಲಿ. ಬಾಣವೇ ಬೇಕು ಅಂದರೆ ಈವೆಂಟ್‌ನ (ಫಂಕ್ಷನ್‌ಗೆ ಸಿಗುವ ಕ್ಲಿಕ್‌ನ ಮಾಹಿತಿ) ಕರೆಂಟ್ ಟಾರ್ಗೆಟ್ ಬಳಸಿ.

ಇನ್ನು ಹೊಸ ಸಾಲಿನ ವಿಷಯ. $(".ಬದಲಿಸು").ಆನ್ ಅಂತ ಬರೆದ ಸಾಲು ಓಡುವುದು ಒಂದೇ ಸಲ, ಪುಟ ತೆರೆದಾಗ. ಆ ಹೊತ್ತಿಗೆ ಪುಟದಲ್ಲಿ ಯಾವ್ಯಾವ ಬಟನ್ ಇತ್ತೋ ಅವಕ್ಕೆಲ್ಲ ಕ್ಲಿಕ್ ಕಟ್ಟಿ ಅದು ಕೆಲಸ ಮುಗಿಸಿತು. ಹತ್ತು ನಿಮಿಷ ಬಿಟ್ಟು ನೀವು ಸೇರಿಸಿದ ಬಟನ್‌ನ ಸುದ್ದಿ ಅದಕ್ಕೆ ಗೊತ್ತೇ ಇಲ್ಲ. ಕೆಲವರು ಪ್ರತಿ ಸಲ ಸಾಲು ಸೇರಿಸಿದಾಗಲೂ ಅದೇ ಕೋಡನ್ನು ಮತ್ತೆ ಓಡಿಸುತ್ತಾರೆ. ಆಗ ಹಳೇ ಬಟನ್‌ಗಳಿಗೆ ಎರಡೆರಡು, ಮೂರು ಮೂರು ಸಲ ಕ್ಲಿಕ್ ಕಟ್ಟಿದಂತಾಗಿ, ಒಂದು ಸಲ ಒತ್ತಿದರೆ ಮೂರು ಸಲ ಕೆಲಸ ನಡೆಯುತ್ತದೆ. ಬೆಲೆಗೆ ಐದು ರೂಪಾಯಿ ಕೂಡಿಸುವ ಬಟನ್ ಆಗಿದ್ದರೆ ಹದಿನೈದು ರೂಪಾಯಿ ಕೂಡುತ್ತದೆ.

ಸರಿಯಾದ ದಾರಿ ಅಂದರೆ, ಬಟನ್‌ಗೆ ಕಟ್ಟುವ ಬದಲು ಯಾವತ್ತೂ ಪುಟದಲ್ಲೇ ಇರುವ ಹೊರಗಿನ ಪಟ್ಟಿಗೆ ಕಟ್ಟುವುದು:

$("#ಪಟ್ಟಿ").ಆನ್("ಕ್ಲಿಕ್", ".ಬದಲಿಸು", ಫಂಕ್ಷನ್ () {
  $(ದಿಸ್).ಕ್ಲೋಸೆಸ್ಟ್(".ಸಾಲು").ಫೈಂಡ್(".ಬೆಲೆ").ಟೆಕ್ಸ್ಟ್("45");
});

ಬಟನ್ ಮೇಲೆ ಆದ ಕ್ಲಿಕ್ ಅಲ್ಲೇ ನಿಲ್ಲುವುದಿಲ್ಲ. ಅದು ಟಿಡಿಗೆ, ಸಾಲಿಗೆ, ಪಟ್ಟಿಗೆ ಹೀಗೆ ಮೇಲೇರುತ್ತಾ ಹೋಗುತ್ತದೆ. ಪಟ್ಟಿ ಬಾಗಿಲಲ್ಲಿ ಕೂತು, ಬಂದ ಕ್ಲಿಕ್ ‘ಬದಲಿಸು’ ಬಟನ್‌ನಿಂದ ಹೊರಟಿದ್ದಾ ಅಂತ ನೋಡುತ್ತದೆ. ಹೌದಾದರೆ ಕೋಡ್ ಓಡಿಸುತ್ತದೆ. ಆ ಬಟನ್ ಇವತ್ತು ಹುಟ್ಟಿದ್ದೋ ನಿನ್ನೆಯದೋ ಅನ್ನುವ ಪ್ರಶ್ನೆಯೇ ಇಲ್ಲ. ಇಲ್ಲೂ ದಿಸ್ ಅಂದರೆ ಬಟನ್ನೇ, ಪಟ್ಟಿಯಲ್ಲ. ಬಟನ್ ಒಳಗೆ ಪೆನ್ಸಿಲ್ ಚಿತ್ರ ಇಟ್ಟಿದ್ದು ಜನ ಆ ಚಿತ್ರವನ್ನೇ ಒತ್ತಿದರೂ ದಿಸ್ ಬಟನ್ ಆಗಿಯೇ ಉಳಿಯುತ್ತದೆ.

ನೀವು ನೆಟ್‌ನಲ್ಲಿ ಹುಡುಕಿದರೆ ಇದೇ ಕೆಲಸಕ್ಕೆ ‘ಲೈವ್’ ಅನ್ನುವ ಮೆಥಡ್ ಬಳಸಿದ ಪಾಠಗಳೂ ಸಿಗುತ್ತವೆ. ಜೆಕ್ವೆರಿಯನ್ನು ಜಾನ್ ರೆಸಿಗ್ ಹೊರತಂದದ್ದು 2006ರಲ್ಲಿ. ಅಲ್ಲಿಂದ ಇಲ್ಲಿಯವರೆಗಿನ ಎಲ್ಲ ಕಾಲದ ಪಾಠಗಳೂ ನೆಟ್‌ನಲ್ಲಿ ಒಟ್ಟಿಗೇ ಬಿದ್ದಿವೆ. ಆನ್ ಬಂದದ್ದು 2011ರ 1.7 ಆವೃತ್ತಿಯಲ್ಲಿ. ಲೈವ್ ಅನ್ನು 2013ರ 1.9 ಆವೃತ್ತಿಯಲ್ಲಿ ತೆಗೆದೇ ಹಾಕಿದರು. ಲೈವ್ ಕಂಡರೆ ಆ ಪಾಠವನ್ನು ಬಿಟ್ಟು ಮುಂದೆ ಹೋಗಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು, ಯಾಕೆಂದರೆ ಕನ್ನಡದ ಪುಟ ಮಾಡುವವರಿಗೆ ಇದು ಇವತ್ತಲ್ಲ ನಾಳೆ ಎದುರಾಗುತ್ತದೆ. ಸಾಲನ್ನು ಸರಕಿನ ಹೆಸರಿನಿಂದ ಹಿಡಿಯೋಣ ಅಂತ ‘ಕಂಟೇನ್ಸ್’ ಅನ್ನುವ ಸೆಲೆಕ್ಟರ್ (ಏನನ್ನು ಹುಡುಕಬೇಕು ಅಂತ ಹೇಳುವ ಸೂತ್ರ) ಬಳಸಲು ಮನಸ್ಸಾಗುತ್ತದೆ. ‘ಕಡಲೆ’ ಇರುವ ಸಾಲು ಕೊಡು ಅಂದರೆ ಅದು ಕಡಲೆಬೇಳೆ, ಕಡಲೆಹಿಟ್ಟು, ಕಡಲೆಕಾಯಿ ಎಲ್ಲವನ್ನೂ ತಂದು ಕೊಡುತ್ತದೆ. ಅದು ನೋಡುವುದು ಪದವನ್ನಲ್ಲ, ಅಕ್ಷರಗಳ ಸಾಲನ್ನು. ಅದೇ ‘ಅಕ್ಕಿ’ ಅಂತ ಹುಡುಕಿದರೆ ಅವಲಕ್ಕಿ ಸಿಗುವುದಿಲ್ಲ. ನಮಗೆ ಅವಲಕ್ಕಿಯಲ್ಲಿ ಅಕ್ಕಿ ಕಾಣುತ್ತದೆ. ಕಂಪ್ಯೂಟರಿಗೆ ಅಲ್ಲಿ ‘ಲಕ್ಕಿ’ ಇದೆ, ‘ಅ’ ಎಲ್ಲೋ ಹಿಂದೆ ಇದೆ, ಅಷ್ಟೇ.

ಇದಕ್ಕಿಂತ ಕಾಟ ಕೊಟ್ಟದ್ದು ತೊಗರಿಬೇಳೆ. ಒಂದು ಪಟ್ಟಿಯಲ್ಲಿ ತೊಗರಿಬೇಳೆ ಕಣ್ಣ ಮುಂದೆ ಇದೆ, ಹುಡುಕಿದರೆ ಇಲ್ಲ ಅನ್ನುತ್ತಿತ್ತು. ಕಾಗುಣಿತ ಮತ್ತೆ ಮತ್ತೆ ನೋಡಿದೆ, ತಪ್ಪೇನೂ ಇರಲಿಲ್ಲ. ಕೊನೆಗೆ ಅಕ್ಷರಗಳ ಸಂಖ್ಯೆ ಎಣಿಸಿ ನೋಡಿದಾಗ ತಿಳಿಯಿತು. ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಪದ್ಧತಿ) ‘ತೊ’ ಅನ್ನು ಎರಡು ರೀತಿ ಬರೆಯಬಹುದು. ತ ಪಕ್ಕದಲ್ಲಿ ಒತ್ವದ ಒಂದೇ ಚಿಹ್ನೆ ಹಾಕುವುದು ಒಂದು. ಎತ್ವ ಮತ್ತು ಊ ಕಾರದ ಎರಡು ಚಿಹ್ನೆ ಹಾಕುವುದು ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹೋಲಿಸಿದರೆ ಬೇರೆ ಬೇರೆ. ‘ಬೇ’ ಕೂಡ ಹಾಗೆಯೇ. ಎಲ್ಲಿಂದಲೋ ನಕಲು ಮಾಡಿ ತಂದ ಪಟ್ಟಿಯಲ್ಲಿ ಎರಡನೇ ರೀತಿ ಇತ್ತು, ನಾನು ಟೈಪ್ ಮಾಡಿದ್ದು ಮೊದಲನೇ ರೀತಿ. ಜಾವಾಸ್ಕ್ರಿಪ್ಟ್‌ನ ‘ನಾರ್ಮಲೈಸ್’ ಮೆಥಡ್ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಜನ ಟೈಪ್ ಮಾಡಿ ಹುಡುಕುವ ಬಾಕ್ಸ್ ಇಡುವುದಾದರೆ ಅದನ್ನು ಎರಡೂ ಕಡೆ ಓಡಿಸಿಯೇ ಹೋಲಿಸಿ. ಸಾಲು ಹಿಡಿಯುವುದಕ್ಕಂತೂ ಹೆಸರನ್ನು ನಂಬಬೇಡಿ. ಪ್ರತಿ ಸಾಲಿಗೂ ಒಂದು ಡೇಟಾ ಆಟ್ರಿಬ್ಯೂಟ್ (ಪುಟದಲ್ಲಿ ಕಾಣದ ಮಾಹಿತಿ ಇಡುವ ಜಾಗ) ಕೊಟ್ಟು ಅದರಲ್ಲಿ ಸರಕಿನ ಕೋಡ್ ನಂಬರ್ ಇಡಿ.

ಬೆಲೆಗೂ ಇದೇ ಮಾತು. ಕನ್ನಡ ಅಂಕಿಯಲ್ಲಿ ೪೫ ಅಂತ ತೋರಿಸಿದರೆ ಪಟ್ಟಿಗೆ ಲಕ್ಷಣ ಬರುತ್ತದೆ, ನನಗೂ ಇಷ್ಟ. ಆದರೆ ಅದನ್ನೇ ಓದಿ ಲೆಕ್ಕ ಮಾಡಲು ಹೋದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಅಂತ ಒಪ್ಪುವುದಿಲ್ಲ. ‘1,250’ ಅಂತ ಅಲ್ಪವಿರಾಮ ಹಾಕಿದ ಬೆಲೆ ಇನ್ನೂ ಅಪಾಯ. ಪಾರ್ಸ್‌ಇಂಟ್‌ಗೆ (ಬರಹವನ್ನು ಸಂಖ್ಯೆ ಮಾಡುವ ಫಂಕ್ಷನ್) ಕೊಟ್ಟರೆ ಅದು ಅಲ್ಪವಿರಾಮದ ಹತ್ತಿರ ನಿಂತು 1 ಅಂತ ಕೊಡುತ್ತದೆ. ಸಾವಿರದ ಇನ್ನೂರೈವತ್ತರ ಎಣ್ಣೆ ಡಬ್ಬ ಒಂದು ರೂಪಾಯಿ ಆಗಿ ಬಿಲ್ಲಿನಲ್ಲಿ ಕೂರುತ್ತದೆ. ಲೆಕ್ಕದ ಬೆಲೆ ಡೇಟಾ ಆಟ್ರಿಬ್ಯೂಟ್‌ನಲ್ಲಿ ಬರೀ 1250 ಅಂತ ಇರಲಿ, ಕಣ್ಣಿಗೆ ಕಾಣುವ ಬೆಲೆ ಹೇಗೆ ಬೇಕಾದರೂ ಇರಲಿ. ಆ ಆಟ್ರಿಬ್ಯೂಟ್ ಬದಲಿಸುವಾಗ ‘ಆಟ್ರ್’ ಮೆಥಡ್ ಬಳಸುತ್ತಿದ್ದರೆ ಓದುವಾಗಲೂ ಅದನ್ನೇ ಬಳಸಿ. ‘ಡೇಟಾ’ ಮೆಥಡ್ ಮೊದಲ ಸಲ ಓದಿದ್ದನ್ನು ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಆಟ್ರಿಬ್ಯೂಟ್ ಬದಲಾದರೂ ಹಳೇ ಬೆಲೆಯನ್ನೇ ಹೇಳುತ್ತದೆ.

ಏನಾದರೂ ಕೆಲಸ ಮಾಡಲಿಲ್ಲ ಅಂದರೆ ಮೊದಲು ನೋಡಬೇಕಾದ್ದು ‘ಲೆಂಗ್ತ್’, ಅಂದರೆ ಎಷ್ಟು ಸಿಕ್ಕವು ಅನ್ನುವ ಎಣಿಕೆ. ಸೆಲೆಕ್ಟರ್‌ಗೆ ಏನೂ ಸಿಗದಿದ್ದರೆ ಜೆಕ್ವೆರಿ ಸುಮ್ನೆ ಇದ್ದುಬಿಡುತ್ತದೆ, ಎರರ್ ಕೊಡುವುದಿಲ್ಲ. ಬ್ರೌಸರ್‌ನಲ್ಲಿ ಕನ್ಸೋಲ್ (ಕೋಡ್ ಬರೆದು ಪರೀಕ್ಷಿಸುವ ಕಿಟಕಿ) ತೆರೆದು $(".ಬೆಲೆ").ಲೆಂಗ್ತ್ ಅಂತ ಹಾಕಿ. ಸೊನ್ನೆ ಬಂದರೆ ಹುಡುಕಾಟದಲ್ಲೇ ತಪ್ಪಿದೆ. ನಲವತ್ತು ಬಂದರೆ ಜಾಸ್ತಿ ಹಿಡಿದಿದ್ದೀರಿ. ಟೇಬಲ್‌ನಲ್ಲಿ ಸೊನ್ನೆ ಬರಲು ಒಂದು ಗುಟ್ಟಿನ ಕಾರಣವಿದೆ. ನೀವು ಟಿಬಾಡಿ (ಸಾಲುಗಳನ್ನು ಒಟ್ಟಿಗೆ ಹಿಡಿಯುವ ಭಾಗ) ಬರೆಯದಿದ್ದರೂ ಬ್ರೌಸರ್ ತಾನೇ ಟೇಬಲ್ ಮತ್ತು ಟಿಆರ್ ನಡುವೆ ಒಂದು ಟಿಬಾಡಿ ಸೇರಿಸುತ್ತದೆ. ನಿಮ್ಮ ‘ಪಟ್ಟಿ’ ಐಡಿ ಟೇಬಲ್ ಮೇಲಿದ್ದು, $("#ಪಟ್ಟಿ > .ಸಾಲು") ಅಂತ ನೇರ ಮಕ್ಕಳನ್ನು ಕೇಳಿದರೆ ಒಂದೂ ಸಿಗುವುದಿಲ್ಲ. ನಡುವಿನ ಆ ಗುರುತು ತೆಗೆದು ಜಾಗ ಬಿಟ್ಟರೆ ಎಲ್ಲ ಸಿಗುತ್ತವೆ.

ಬೆಲೆ ಬರೆಯುವಾಗ ‘ಟೆಕ್ಸ್ಟ್’ ಬಳಸಿದ್ದೀರಿ, ಅದು ಒಳ್ಳೆಯದು. ಯಾರೋ ಟೈಪ್ ಮಾಡಿದ್ದನ್ನು ‘ಎಚ್‌ಟಿಎಂಎಲ್’ ಮೆಥಡ್‌ನಿಂದ ಪುಟಕ್ಕೆ ಹಾಕಬೇಡಿ, ಅದರೊಳಗೆ ಕೋಡ್ ಇದ್ದರೆ ಅದೂ ಓಡುತ್ತದೆ. ಬದಲಾದ ಬೆಲೆಗೆ ಬಣ್ಣ ಕೊಡುವುದಾದರೆ ‘ಆಡ್‌ಕ್ಲಾಸ್’ ಸಾಕು, ಬಣ್ಣ ಸಿಎಸ್‌ಎಸ್ (ಪುಟದ ಅಲಂಕಾರದ) ಫೈಲ್‌ನಲ್ಲಿ ಇರಲಿ.

ಜೆಕ್ವೆರಿ ಬಿಟ್ಟು ಬರೀ ಜಾವಾಸ್ಕ್ರಿಪ್ಟ್‌ನಲ್ಲೇ ಮಾಡಿ ಅಂತ ಯಾರಾದರೂ ಹೇಳಬಹುದು. ಮಾಡಬಹುದು. ಕ್ಲೋಸೆಸ್ಟ್, ಕ್ವೆರಿ ಸೆಲೆಕ್ಟರ್ ಎರಡೂ ಈಗಿನ ಬ್ರೌಸರ್‌ಗಳಲ್ಲೇ ಇವೆ, ಮೇಲೆ ಹೋಗಿ ಕೆಳಗೆ ಹುಡುಕುವ ಲೆಕ್ಕವೂ ಇದೇ. ಹೊಸದಾಗಿ ಶುರು ಮಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ನಿಮ್ಮ ಪುಟ ಆಗಲೇ ಜೆಕ್ವೆರಿಯಲ್ಲಿ ನಿಂತಿದೆ. ಈ ಒಂದು ತೊಂದರೆಗೆ ಅದನ್ನು ಕಿತ್ತು ಕಟ್ಟುವುದು ಬೇಡ.

ಇಷ್ಟೆಲ್ಲ ಆದ ಮೇಲೆ ಪುಟವನ್ನು ಒಮ್ಮೆ ರೀಫ್ರೆಶ್ ಮಾಡಿ ನೋಡಿ. ಹಳೇ ಬೆಲೆಯೇ ಮತ್ತೆ ಬರುತ್ತದೆ. ಜೆಕ್ವೆರಿ ಬದಲಿಸುವುದು ನಿಮ್ಮ ಬ್ರೌಸರ್‌ನಲ್ಲಿ ಕಾಣುವ ಪುಟವನ್ನು ಮಾತ್ರ. ಹೊಸ ಬೆಲೆ ಮಾವನವರ ಫೋನಿನಲ್ಲೂ ಗಿರಾಕಿಗಳಿಗೂ ಕಾಣಬೇಕಾದರೆ, ಆ ಸಾಲಿನ ಕೋಡ್ ನಂಬರ್ ಮತ್ತು ಬೆಲೆ ಎರಡನ್ನೂ ಅದೇ ಕ್ಲಿಕ್‌ನಲ್ಲಿ ಸರ್ವರ್‌ಗೆ ಕಳಿಸಿ ಉಳಿಸಬೇಕು. ಸರ್ವರ್ ಕಡೆ ಏನು ಬಳಸಿದ್ದೀರಿ ಅಂತ ನೀವು ಬರೆದಿಲ್ಲ. ತಿಳಿಸಿದರೆ ಆ ಭಾಗವನ್ನೂ ಬರೆದು ಕೊಡುತ್ತೇನೆ.