ಬಿಟ್ಟಿದ್ದು ಸಾಕು, ಒಂದೊಂದಾಗಿ ಮತ್ತೆ ತಿನ್ನಿ

ಈ ಸಲವೂ ಪಥ್ಯದ ಪತ್ರಗಳೇ ಹೆಚ್ಚು. ಹಾಲು ಬಿಟ್ಟೆ, ಗೋಧಿ ಬಿಟ್ಟೆ, ಈರುಳ್ಳಿ ಬಿಟ್ಟೆ, ಇನ್ನೇನು ಬಿಡಲಿ ಮೇಡಂ ಎಂದು ಕೇಳುತ್ತೀರಿ. ಬಿಟ್ಟಿದ್ದನ್ನು ಮತ್ತೆ ಯಾವಾಗ ತಿನ್ನಲಿ ಎಂದು ಕೇಳಿದವರು ಒಬ್ಬರೂ ಇಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ. ಹಾಗಾಗಿ ಈ ವಾರದ ಹೆಚ್ಚಿನ ಜಾಗ ಒಂದೇ ಪತ್ರಕ್ಕೆ.

ಪ್ರಶ್ನೆ: ನನಗೆ 36 ವರ್ಷ. ಬಾಗೇಪಲ್ಲಿ ಕಡೆಯ ಹಳ್ಳಿ. ಎರಡು ವರ್ಷದಿಂದ ಹೊಟ್ಟೆ ಉಬ್ಬರ, ಗ್ಯಾಸು, ಆಗಾಗ ಭೇದಿ. ಸಂಕ್ರಾಂತಿ ಹೊತ್ತಿಗೆ ತೀರಾ ಜಾಸ್ತಿಯಾಯಿತು. ಹಬ್ಬ ಕಳೆದ ಮೇಲೆ ವಿಡಿಯೋ ನೋಡಿ ಹಾಲು, ಮೊಸರು, ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ಕಾಳು ಎಲ್ಲ ಬಿಟ್ಟೆ. ಹದಿನೈದು ದಿನದಲ್ಲಿ ಹೊಟ್ಟೆ ಹಗುರವಾಯಿತು. ಈಗ ನಾಲ್ಕನೇ ತಿಂಗಳು. ಐದು ಕೆಜಿ ಇಳಿದಿದ್ದೇನೆ, ಸುಸ್ತು ಇದೆ. ಮಗಳಿಗೂ (8 ವರ್ಷ) ಆಗಾಗ ಹೊಟ್ಟೆನೋವು, ಅವಳಿಗೂ ಹಾಲು ನಿಲ್ಲಿಸಿದ್ದೇನೆ. ಜೀವನಪೂರ್ತಿ ಹೀಗೇ ಇದ್ದರೆ ತೊಂದರೆಯಾ?

ತೊಂದರೆಯೇ. ಈಗಾಗಲೇ ಶುರುವಾಗಿದೆ, ಐದು ಕೆಜಿ ಮತ್ತು ಸುಸ್ತು ಅದರ ಲೆಕ್ಕವೇ.

ಆದರೆ ನೀವು ಮಾಡಿದ್ದೆಲ್ಲ ತಪ್ಪಲ್ಲ. ಈ ಬಗೆಯ ಪಥ್ಯಕ್ಕೆ ಆಧಾರ ಇದೆ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು 2005ರಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗದೆ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಹುಳಿಸಿ ಗಾಳಿ ಮಾಡುತ್ತವೆ, ಜೊತೆಗೆ ನೀರೂ ಸೇರಿಕೊಳ್ಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಫ್ರಕ್ಟಾನ್, ಬೇಳೆಕಾಳಿನಲ್ಲಿ ಗ್ಯಾಲಕ್ಟೋ ಸಕ್ಕರೆ, ಹಾಲಿನಲ್ಲಿ ಲ್ಯಾಕ್ಟೋಸ್, ಮಾವಿನಹಣ್ಣಿನಲ್ಲಿ ಹೆಚ್ಚುವರಿ ಫ್ರಕ್ಟೋಸ್. ಒಟ್ಟಿಗೆ ಇವನ್ನು ಫಾಡ್‌ಮ್ಯಾಪ್ ಎನ್ನುತ್ತಾರೆ. ಇವನ್ನು ತಗ್ಗಿಸಿದರೆ ಐಬಿಎಸ್ (ಕರುಳು ಸುಮ್ಮಸುಮ್ಮನೆ ಕೆರಳಿ ನೋವು, ಉಬ್ಬರ, ಭೇದಿ ಕೊಡುವ ತೊಂದರೆ) ಇರುವ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಹೊಟ್ಟೆ ಸಮಾಧಾನವಾಗುತ್ತದೆ. ನಿಮಗೂ ಆಗಿದೆ, ನಂಬುತ್ತೇನೆ.

ಆದರೆ ಆ ಪಥ್ಯಕ್ಕೆ ಅವರು ಇಟ್ಟ ಗಡುವು 2ರಿಂದ 6 ವಾರ ಅಷ್ಟೇ. ಆಮೇಲೆ ಒಂದೊಂದಾಗಿ ವಾಪಸ್ ತಿಂದು ನೋಡಬೇಕು. ಮನೆಯಲ್ಲಿ ಎಂಸಿಬಿ ಬಿದ್ದಾಗ ಎಲೆಕ್ಟ್ರಿಷಿಯನ್ ಎಲ್ಲ ಸ್ವಿಚ್ ಆರಿಸಿ, ಒಂದೊಂದೇ ಹಾಕಿ ನೋಡುತ್ತಾನಲ್ಲ, ಅದೇ ಕೆಲಸ ಇದು. ನೀವು ಎಲ್ಲ ಆರಿಸಿ ನಾಲ್ಕು ತಿಂಗಳಿಂದ ಕತ್ತಲಲ್ಲಿ ಕೂತಿದ್ದೀರಿ. ಆರು ಬಗೆ ಆಹಾರ ಒಟ್ಟಿಗೇ ಬಿಟ್ಟಿರಲ್ಲ, ಹೊಟ್ಟೆ ಕೆಡಿಸಿದ್ದು ಯಾವುದು ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ವಿಡಿಯೋದವರು ಬಿಡುವುದನ್ನು ಹೇಳಿಕೊಡುತ್ತಾರೆ, ಹಿಂದಕ್ಕೆ ತರುವುದನ್ನು ಹೇಳುವುದಿಲ್ಲ. ಅರ್ಧ ಚಿಕಿತ್ಸೆ ಕಲಿಸಿ ಕೈಬಿಡುವುದು ದೊಡ್ಡ ಅನ್ಯಾಯ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಸಂಕ್ರಾಂತಿ. ನಮ್ಮ ಕಡೆ ಡಿಸೆಂಬರ್, ಜನವರಿ ಅಂದರೆ ಅವರೆ. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಹಿತಕಿದ ಬೇಳೆ ಸಾರು, ರಾತ್ರಿ ಅದೇ ಸಾರು ಬಿಸಿ ಮಾಡಿ ಮುದ್ದೆ. ದಿನಕ್ಕೆ ಮೂರು ಹೊತ್ತು ಕಾಳು, ಅದರ ಮಸಾಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬೇರೆ. ಹಬ್ಬ ಕಳೆದ ಮೇಲೆ ಅವರೆಯೂ ಮುಗಿಯಿತು, ನೀವೂ ಪಥ್ಯ ಹಿಡಿದಿರಿ. ಹೊಟ್ಟೆ ಹಗುರವಾಗಿದ್ದಕ್ಕೆ ಪಥ್ಯದಷ್ಟೇ ಅವರೆ ಮುಗಿದಿದ್ದೂ ಕಾರಣವಿರಬಹುದು. ಪಾಪ, ಹಾಲಿನ ತಪ್ಪೇ ಇರಲಿಕ್ಕಿಲ್ಲ.

ಗೋಧಿಯನ್ನು ಬಿಟ್ಟಿದ್ದರಲ್ಲಿ ಇನ್ನೊಂದು ಎಡವಟ್ಟಾಗಿದೆ. ಗೋಧಿಯ ಗ್ಲುಟನ್ ಎಂಬ ಪ್ರೋಟೀನಿನಿಂದ ಕರುಳೇ ಹಾಳಾಗುವ ಸೀಲಿಯಾಕ್ ಕಾಯಿಲೆ ಉತ್ತರ ಭಾರತಕ್ಕೆ ಹೋಲಿಸಿದರೆ ನಮ್ಮಲ್ಲಿ ತುಂಬ ಅಪರೂಪ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಭೇದಿ, ತೂಕ ಇಳಿಕೆ, ಸುಸ್ತು ಮೂರೂ ಇರುವಾಗ ಅದನ್ನು ನೋಡಲೇಬೇಕು. ಮೊದಲಿಗೆ ಟಿಟಿಜಿ ಐಜಿಎ ಎಂಬ ರಕ್ತ ಪರೀಕ್ಷೆ ಸಾಕು, ಜೊತೆಗೆ ಒಟ್ಟು ಐಜಿಎ. ಆದರೆ ಗೋಧಿ ತಿನ್ನುತ್ತಿರುವವರಿಗೆ ಮಾತ್ರ ಅದು ಸರಿಯಾದ ಉತ್ತರ ಕೊಡುತ್ತದೆ. ನೀವು ಈಗ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಊಟದಲ್ಲಿ ಗೋಧಿ ತಿಂದು ಆಮೇಲೆ ಮಾಡಿಸಿ. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಈ ಸರದಿಯನ್ನು ದಯವಿಟ್ಟು ಯಾರೂ ತಿರುವುಮುರುವು ಮಾಡಬೇಡಿ.

ಗೋಧಿ ತಿಂದರೆ ಉಬ್ಬರ ಬರುವವರೆಲ್ಲ ಗ್ಲುಟನ್ ಅಂತ ಕೂಗುತ್ತಾರೆ. 2018ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ, ಸೀಲಿಯಾಕ್ ಇಲ್ಲದ, ಗ್ಲುಟನ್ ಆಗದು ಎಂದು ತಾವೇ ತೀರ್ಮಾನಿಸಿದ್ದ 59 ಜನಕ್ಕೆ ಯಾವುದರಲ್ಲಿ ಏನಿದೆ ಎಂದು ತಿಳಿಸದೆ ತಿಂಡಿ ಕೊಟ್ಟು ನೋಡಿದರು. ಹೆಚ್ಚು ತೊಂದರೆ ಕೊಟ್ಟಿದ್ದು ಫ್ರಕ್ಟಾನ್, ಗ್ಲುಟನ್ ಅಲ್ಲ. ಅಂಥವರು ಪೂರ್ತಿ ಬಿಡಬೇಕಾಗಿಲ್ಲ, ನಾಲ್ಕು ಚಪಾತಿ ತಿನ್ನುವಲ್ಲಿ ಒಂದೂವರೆ ತಿಂದರೆ ಎಷ್ಟೋ ಸಲ ಸರಿಹೋಗುತ್ತದೆ. ನಿಜವಾಗಿ ಸೀಲಿಯಾಕ್ ಇದ್ದವರಿಗೆ ಮಾತ್ರ ಚೂರೂ ಕೂಡದು. ಅವರು ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ಓದಬೇಕು, ಎಷ್ಟೋ ಇಂಗಿಗೆ ಮೈದಾ ಬೆರೆತಿರುತ್ತದೆ. ಗಿರಣಿಯಲ್ಲಿ ಗೋಧಿ ಬೀಸಿದ ಕೂಡಲೇ ಹಾಕಿಸಿದ ರಾಗಿ ಹಿಟ್ಟಿನಲ್ಲೂ ಗೋಧಿ ಇರುತ್ತದೆ.

ಈಗ ವಾಪಸ್ ತರುವ ಕ್ರಮ. ಗೋಧಿಯಿಂದ ಶುರು ಮಾಡಿ, ಪರೀಕ್ಷೆಗೂ ಅದೇ ಬೇಕು. ಮೊದಲ ದಿನ ಅರ್ಧ ಚಪಾತಿ, ಮರುದಿನ ಒಂದು, ಮೂರನೇ ದಿನ ಎರಡು. ಮಿಕ್ಕಿದ್ದೆಲ್ಲ ಈಗಿದ್ದ ಹಾಗೇ ಇರಲಿ. ಹೊಟ್ಟೆ ಒಪ್ಪಿದರೆ ಗೋಧಿಯನ್ನು ಪರೀಕ್ಷೆಯವರೆಗೂ ಮುಂದುವರಿಸಿ, ಎರಡು ಮೂರು ದಿನ ಕಳೆದ ಮೇಲೆ ಹಾಲು: ಕಾಲು ಲೋಟ, ಅರ್ಧ, ಒಂದು. ಲ್ಯಾಕ್ಟೋಸ್ ಆಗದವರಲ್ಲೂ ಹೆಚ್ಚಿನವರು ದಿನಕ್ಕೆ ಒಂದು ಲೋಟ ಹಾಲನ್ನು ಊಟದ ಜೊತೆ ತಡೆದುಕೊಳ್ಳುತ್ತಾರೆ, ಮೊಸರು ಇನ್ನೂ ಸಲೀಸು. ಆಮೇಲೆ ತೊಗರಿಬೇಳೆ, ಆಮೇಲೆ ಬೆಳ್ಳುಳ್ಳಿ, ಕೊನೆಗೆ ಈರುಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ತಿಂದದ್ದು, ಎಷ್ಟು, ಹೊಟ್ಟೆ ಹೇಗಿತ್ತು, ಎಷ್ಟು ಹೊತ್ತಿಗೆ ಎಂದು ಬರೆಯಿರಿ. ಈ ಸಕ್ಕರೆಗಳು ದೊಡ್ಡ ಕರುಳು ಮುಟ್ಟಲು ಗಂಟೆಗಳು ಬೇಕು. ರಾತ್ರಿ ಮಜ್ಜಿಗೆ ಕುಡಿದ ಕೂಡಲೇ ಉಬ್ಬರ ಬಂತು ಎನ್ನುವವರು ಮಧ್ಯಾಹ್ನದ ಸಾಂಬಾರನ್ನು ಮರೆತಿರುತ್ತಾರೆ. ಮಜ್ಜಿಗೆ ಸುಮ್ಮನೆ ಬೈಸಿಕೊಳ್ಳುತ್ತದೆ.

ಕಾಳು ಆಗದಿದ್ದರೂ ಪೂರ್ತಿ ಕಳೆದುಕೊಳ್ಳಬೇಡಿ. ಗಾಳಿ ಮಾಡುವ ಆ ಸಕ್ಕರೆ ನೀರಿನಲ್ಲಿ ಕರಗುತ್ತದೆ. ರಾತ್ರಿ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ. ಬಸ್ಸಾರು ಮಾಡುವ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಬೆಂದ ಕಾಳು, ಸೊಪ್ಪು ಬಸಿದಾಗ ಆ ಸಕ್ಕರೆಯ ಒಂದು ಪಾಲು ಕಟ್ಟಿನ ಜೊತೆ ಹೋಗುತ್ತದೆ. ಅಂದರೆ ಪಲ್ಯ ಹೊಟ್ಟೆಗೆ ಹಗುರ, ಸಾರು ಭಾರ. ನೀವು ಮುದ್ದೆಗೆ ಸಾರು ಕಡಿಮೆ ಬಿಟ್ಟುಕೊಂಡು ಪಲ್ಯ ಹೆಚ್ಚು ತಿನ್ನಿ. ಬೆಳ್ಳುಳ್ಳಿಯ ಫ್ರಕ್ಟಾನ್ ಎಣ್ಣೆಯಲ್ಲಿ ಕರಗುವುದಿಲ್ಲ, ಎಸಳನ್ನು ಎಣ್ಣೆಯಲ್ಲಿ ಬಾಡಿಸಿ ತೆಗೆದುಹಾಕಿ ಒಗ್ಗರಣೆ ಕೊಟ್ಟರೆ ಘಮ ಉಳಿಯುತ್ತದೆ.

ಹೆಚ್ಚು ದಿನ ಎಳೆದರೆ ಆಗುವ ನಷ್ಟ ಕೇಳಿ. ನಾರಿನಂಶ ತಗ್ಗುತ್ತದೆ, ಕರುಳಿಗೆ ಬೇಕಾದ ಬಿಫಿಡೋಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಕ್ಯಾಲ್ಸಿಯಂ ಕೈಬಿಡುತ್ತದೆ, ಮಾಂಸ ತಿನ್ನದ ಮನೆಯಲ್ಲಿ ಬೇಳೆ, ಹಾಲು ಎರಡೂ ಹೋದರೆ ಪ್ರೋಟೀನ್ ಮತ್ತು ಬಿ12 ಎಲ್ಲಿಂದ ಬರಬೇಕು? ಜೊತೆಗೆ ಊಟದ ಭಯ. ನೆಂಟರ ಮನೆಗೆ ಹೋಗುವುದು ನಿಲ್ಲಿಸಿದ, ಮದುವೆ ಮನೆಯಲ್ಲಿ ಬರೀ ಅನ್ನ ಉಪ್ಪು ತಿಂದು ಬರುವ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಅದು ಆರೋಗ್ಯ ಅಲ್ಲಮ್ಮಾ. ನೀವು ಈ ವಾರವೇ ಹಿಮೋಗ್ಲೋಬಿನ್, ಬಿ12, ಥೈರಾಯ್ಡ್ ಮಾಡಿಸಿ ಒಬ್ಬ ಫಿಜಿಷಿಯನ್ ಹತ್ತಿರ ಹೋಗಿ. ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ತೂಕ ಇನ್ನೂ ಇಳಿಯುವುದು ಕಂಡರೆ ಕಾಯಬೇಡಿ. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾಗಿ ಬಿಡದೆ ಕಾಡುವ ಉಬ್ಬರಕ್ಕಂತೂ ಹೆಂಗಸರು ಪಥ್ಯ ಮಾಡುತ್ತಾ ಕೂರಬಾರದು, ಅಂಡಾಶಯದ ಸ್ಕ್ಯಾನ್ ಆಗಲೇಬೇಕು.

ಇನ್ನು ನಿಮ್ಮ ಮಗಳು. ಅವಳ ಹಾಲು ನಾಳೆಯೇ ಶುರು ಮಾಡಿ. ನಿಮ್ಮ ತಾಲ್ಲೂಕಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಕಥೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯುವ ಮಗುವಿಗೆ ಕ್ಯಾಲ್ಸಿಯಂ ಕಡಿಮೆಯಾದರೆ ಮೂಳೆಗೆ ಬೀಳುವ ಹೊಡೆತ ಹೆಚ್ಚು. ಅವಳ ವಯಸ್ಸಿಗೆ ದಿನಕ್ಕೆ 650 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ, ಆದರೆ ಅಷ್ಟೂ ಮೈಗೆ ಹತ್ತುವುದಿಲ್ಲ. ಒಂದು ಲೋಟ ಹಾಲು ಕೊಡುವ ಇನ್ನೂರು ಚಿಲ್ಲರೆಯನ್ನು ಕಿತ್ತುಕೊಳ್ಳಬೇಡಿ. ನೀರು ಪರೀಕ್ಷೆ ಮಾಡಿಸಿ, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆ ವಯಸ್ಸಿನ ಹೊಟ್ಟೆನೋವಿಗೆ ಮಲಬದ್ಧತೆ, ಜಂತುಹುಳ ಮೊದಲು ನೋಡಬೇಕಾದವು. ಶಾಲೆಯಲ್ಲಿ ಕೊಟ್ಟ ಹುಳದ ಮಾತ್ರೆ ನುಂಗಿದಳಾ, ಚೀಲದಲ್ಲೇ ಉಳಿಸಿಕೊಂಡು ಬಂದಳಾ, ಕೇಳಿ. ಮಕ್ಕಳಿಗೆ, ಗರ್ಭಿಣಿಯರಿಗೆ, ಮೊದಲೇ ಸಣಕಲಾಗಿರುವವರಿಗೆ ಈ ಪಥ್ಯವನ್ನು ಮನೆಯಲ್ಲಿ ನೀವೇ ಮಾಡಲೇಬಾರದು.

ಪ್ರಶ್ನೆ: ರಕ್ತ ಕೊಟ್ಟರೆ 200 ಆಹಾರಗಳಲ್ಲಿ ಯಾವುದು ಆಗಲ್ಲ ಎಂದು ಹೇಳುತ್ತಾರಂತೆ. ಮಾಡಿಸಲಾ? (ಚಿಂತಾಮಣಿ)

ಬೇಡ. ಅವರು ಅಳೆಯುವ ಐಜಿಜಿ ಎಂಬ ಪ್ರತಿಕಾಯ ನೀವು ಆ ಆಹಾರ ತಿಂದಿದ್ದೀರಿ ಎನ್ನುವುದಕ್ಕಷ್ಟೇ ಸಾಕ್ಷಿ. ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ, ಅಮೆರಿಕದ್ದು 2010ರಲ್ಲಿ ಬೇಡವೆಂದು ಹೇಳಿಯಾಗಿದೆ. ದಿನಾ ರಾಗಿ ತಿನ್ನುವವರಿಗೆ ರಾಗಿ ಆಗಲ್ಲ ಎಂದು ಕಾಗದ ಬರೆದು ಕೊಡುವುದು ವೈದ್ಯಕೀಯ ಅಲ್ಲ, ವ್ಯಾಪಾರ.

ಪ್ರಶ್ನೆ: ಮೂರು ದಿನ ಬರೀ ಜ್ಯೂಸ್ ಕುಡಿದು ಡಿಟಾಕ್ಸ್ ಮಾಡಬಹುದಾ? ಶುಗರ್ ಮಾತ್ರೆ ತಗೊಳ್ತೀನಿ. (ಶಿಡ್ಲಘಟ್ಟ)

ಮಾಡಬೇಡಿ. ಶುಗರ್ ಏರುಪೇರಾಗಿ ತಲೆ ಸುತ್ತಿ ಬೀಳುತ್ತೀರಿ.

ಪ್ರಶ್ನೆ: ಆಪರೇಷನ್ ಆಗಿದೆ. ಬದನೆಕಾಯಿ, ಅವರೆ, ಮೊಟ್ಟೆ ನಂಜು ಅಂತ ಕೊಡುತ್ತಿಲ್ಲ. (ಗೌರಿಬಿದನೂರು)

ಗಾಯ ಮಾಯಲು ಪ್ರೋಟೀನ್ ಬೇಕು. ಆಪರೇಷನ್ ಮಾಡಿದ ಡಾಕ್ಟರು ಬೇಡವೆಂದಿಲ್ಲದಿದ್ದರೆ ಮೊಟ್ಟೆ ತಿನ್ನಿ, ಬೇಳೆ ತಿನ್ನಿ.

ಪ್ರಶ್ನೆ: ಆರು ತಿಂಗಳ ಮಗುವಿಗೆ ಇಸುಬು. ಮೂರು ವರ್ಷದವರೆಗೆ ಕಡಲೆಕಾಯಿ, ಮೊಟ್ಟೆ ಮುಟ್ಟಿಸಬೇಡಿ ಎಂದಿದ್ದಾರೆ. (ಗುಡಿಬಂಡೆ)

ಹಳೆಯ ಸಲಹೆ, ಈಗ ಉಲ್ಟಾ ಆಗಿದೆ. 2015ರಲ್ಲಿ ಲಂಡನ್ನಿನ ಲೀಪ್ ಅಧ್ಯಯನ, ಇಸುಬಿನ ಕೂಸುಗಳಿಗೆ ಬೇಗ ಕಡಲೆಕಾಯಿ ಕೊಟ್ಟಾಗ ಅಲರ್ಜಿ ಬಹಳ ಕಡಿಮೆಯಾಗುವುದನ್ನು ತೋರಿಸಿತು. ಇಸುಬು ಜೋರಾಗಿದ್ದರೆ ಮೊದಲ ತುತ್ತು ಮಕ್ಕಳ ಡಾಕ್ಟರ ಸಲಹೆ ಪಡೆದೇ ಕೊಡಿ. ಇಡೀ ಬೀಜ ಎಂದಿಗೂ ಬೇಡ, ಉಸಿರುನಾಳಕ್ಕೆ ಹೋಗುತ್ತದೆ. ನುಣ್ಣಗೆ ಅರೆದು ರಾಗಿ ಸರಿಯಲ್ಲಿ ತೆಳ್ಳಗೆ ಕಲಸಿ, ಹಗಲು ಹೊತ್ತಿನಲ್ಲಿ, ಚಮಚದ ತುದಿಯಷ್ಟರಿಂದ ಶುರು ಮಾಡಿ. ಆಮೇಲೆ ಎರಡು ಗಂಟೆ ಮಗುವನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ, ತುಟಿ ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಓಡಿ.