ಎರಡು ಪುಟ ಬರೆದರೂ ಬಿ+ ಯಾಕೆ? ಟಿಕೋಟಾದ ಅಣ್ಣನ ಪ್ರಶ್ನೆಗೆ ಉತ್ತರ

ನಮಸ್ಕಾರ ಅಣ್ಣಾ. ದ್ರಾಕ್ಷಿ ಬೆಳೆಗಾರರ ಈ ಗುಂಪಿನಲ್ಲಿ ಸಾಲಿ (ಶಾಲೆ) ಮಾತು ಯಾಕೆ ಅಂತ ಇಬ್ಬರು ಮೂವರು ಆಗಲೇ ಗೊಣಗಿದ್ದಾರೆ. ಗೊಣಗಲಿ ಬಿಡಿ, ಅವರ ಮನೆಯಲ್ಲೂ ಸಾಲಿಗೆ ಹೋಗುವ ಮಕ್ಕಳಿದ್ದಾರೆ. ನಿಮ್ಮ ಪ್ರಶ್ನೆ ಇದು ಅಲ್ವಾ: ಮಗ ನಾಲ್ಕನೇ ತರಗತಿ. ಎಳ್ಳ ಅಮಾವಾಸ್ಯೆ ಬಗ್ಗೆ ಎರಡು ಪುಟ ಪ್ರಬಂಧ ಬರೆದಿದ್ದಾನೆ. ಆದರೂ ಪ್ರಗತಿ ಪತ್ರದಲ್ಲಿ ಕನ್ನಡಕ್ಕೆ ಬಿ+. ಪಕ್ಕದ ಮನೆ ಹುಡುಗ ಅರ್ಧ ಪುಟ ಬರೆದು ಎ ತಗೊಂಡಿದ್ದಾನೆ. ಬರಹಕ್ಕೆ ಅಂಕ ಹೇಗೆ ಹಾಕುತ್ತಾರೆ, ಟ್ಯೂಷನ್‌ಗೆ ಕಳಿಸಬೇಕಾ? ನಮ್ಮ ಮನೆಯಲ್ಲಿ ತೋಟ ತಮ್ಮ ನೋಡಿಕೊಳ್ಳುತ್ತಾನೆ, ನಾನು ಕನ್ನಡ ಸಾಲಿ ಮಾಸ್ತರ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲು ಆ ಬಿ+ ವಿಷಯ ಮುಗಿಸೋಣ. ನಮ್ಮ ರಾಜ್ಯದಲ್ಲಿ ನೂರಕ್ಕೆ 90 ಮತ್ತು ಅದರ ಮೇಲೆ ಬಂದರೆ ಎ+, 70ರಿಂದ 89ಕ್ಕೆ ಎ, 50ರಿಂದ 69ಕ್ಕೆ ಬಿ+, 30ರಿಂದ 49ಕ್ಕೆ ಬಿ, ಅದರ ಕೆಳಗೆ ಸಿ. ಅಂದರೆ 69 ಬಂದ ಹುಡುಗನಿಗೂ 50 ಬಂದವನಿಗೂ ಒಂದೇ ಅಕ್ಷರ. 69 ಮತ್ತು 70ರ ನಡುವೆ ಮಾತ್ರ ದೊಡ್ಡ ಗೋಡೆ ಕಾಣುತ್ತದೆ. ನಿಮ್ಮ ಮಗ ಎಷ್ಟರಲ್ಲಿ ನಿಂತಿದ್ದಾನೆ ಅಂತ ಕೇಳದೆ ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು, ಆ ಅಕ್ಷರ ಪ್ರಬಂಧಕ್ಕೆ ಬಂದದ್ದಲ್ಲ, ಇಡೀ ಕನ್ನಡಕ್ಕೆ ಬಂದದ್ದು. ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ ಇರುತ್ತವೆ, ಅಂದರೆ ಪಾಠ ನಡೆಯುವಾಗಲೇ ಕಲಿಕೆ ನೋಡುವುದು, ನಾವು ಎಫ್ಎ ಅನ್ನುತ್ತೇವೆ. ಒಂದೊಂದಕ್ಕೆ 15ರ ಪಾಲು. ಅರ್ಧ ವರ್ಷಕ್ಕೊಮ್ಮೆ ಬರುವ ಪರೀಕ್ಷೆ ಎರಡು, ಅವು ಸಂಕಲನಾತ್ಮಕ, ಅಂದರೆ ಎಸ್ಎ, ಒಂದೊಂದಕ್ಕೆ 20. ಎಲ್ಲ ಕೂಡಿ 100. ಇದರಲ್ಲಿ ಓದುವುದು, ಮಾತಾಡುವುದು, ಪದ್ಯ ಬಾಯಿಪಾಠ, ಬಿಟ್ಟ ಸ್ಥಳ ತುಂಬುವುದು, ವ್ಯಾಕರಣ ಎಲ್ಲವೂ ಬರುತ್ತವೆ. ಸ್ವಂತ ಬರಹದ ಪಾಲು ಸಣ್ಣದು. ಎರಡು ಪುಟ ಬರೆದದ್ದಕ್ಕೆ ಪುಟ ಲೆಕ್ಕದಲ್ಲಿ ಅಂಕ ಸಿಗುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಒಣದ್ರಾಕ್ಷಿ ಮಾರುವಾಗ ಬಣ್ಣ ಬೇರೆ, ಗಾತ್ರ ಬೇರೆ, ಕಸ ಎಷ್ಟಿದೆ ಅಂತ ಬೇರೆ ನೋಡುತ್ತಾರೆ, ಆದರೆ ನಿಮ್ಮ ಕೈಗೆ ಬರುವುದು ಒಂದೇ ರೇಟು. ಮಕ್ಕಳ ಬರಹವೂ ಹಾಗೇ. ವಿಷಯ ಇದೆಯಾ, ಹಿಂದೆ ಮುಂದೆ ಆಗದೆ ಬಂದಿದೆಯಾ, ವಾಕ್ಯ ಪೂರ್ತಿ ಇದೆಯಾ, ಪದ ಸರಿ ಆರಿಸಿದ್ದಾನಾ, ಕಾಗುಣಿತ, ಒತ್ತು, ಪೂರ್ಣವಿರಾಮ ಸರಿ ಇವೆಯಾ, ಇವೆಲ್ಲ ಬೇರೆ ಬೇರೆ. ಅಮೆರಿಕದ ಒರೆಗಾನ್ ರಾಜ್ಯದ ಶಿಕ್ಷಕರು 1980ರ ದಶಕದಲ್ಲಿ ಇದನ್ನೇ ಆರು ಗುಣಗಳಾಗಿ ಬಿಡಿಸಿದರು. ವಿಚಾರ, ಜೋಡಣೆ, ಬರೆದವರ ದನಿ, ಪದದ ಆಯ್ಕೆ, ವಾಕ್ಯದ ಓಟ, ಕಡೆಗೆ ಕಾಗುಣಿತ ಮತ್ತು ಚಿಹ್ನೆ. ಆರರಲ್ಲಿ ಕಾಗುಣಿತಕ್ಕೆ ಒಂದೇ ಜಾಗ ನೋಡಿ. ನಮ್ಮ ಕಡೆ ಕೆಂಪು ಪೆನ್ನು ಹಿಡಿದರೆ ಸಾಕು, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ತಪ್ಪಕ್ಷರ ಎಣಿಸುವುದು ಸುಲಭ, ವಿಚಾರ ಅಳೆಯುವುದು ಕಷ್ಟ. ನಲವತ್ತು ನೋಟ್‌ಬುಕ್ ಎದುರಿಗಿದ್ದರೆ ಯಾರಾದರೂ ಸುಲಭದ್ದನ್ನೇ ಮಾಡುತ್ತಾರೆ.

ನೀವು ಹಾಕಿದ ಫೋಟೊ ದೊಡ್ಡದು ಮಾಡಿ ಓದಿದೆ. ನಡುವಿನ ಸಾಲುಗಳು ಹೀಗಿವೆ: "ಎತಿನ ಗಾಡಿ ಕಟಿ ಹೊಲಕ ಹೋದೆವು. ಅವ್ವ ಸಜ್ಜಿ ರೊಟಿ ಪುಂಡಿ ಪಲ್ಯ ಮಾಡ್ಯಾಳ. ಅಪ್ಪ ಹುಲ್ಲುಲ್ಲಿಗೋ ಅಂತ ಒದರಿ ಚರಗ ಚೆಲ್ಲಿದ. ನಮ್ಮ ನಾಯಿ ಹಿಂದ ಹಿಂದ ಬಂದು ಎಲ್ಲಾ ತಿಂತು."

(ಚರಗ ಅಂದರೆ ಆ ಹಬ್ಬದಲ್ಲಿ ಹೊಲದ ತುಂಬ ಚೆಲ್ಲುವ ನೈವೇದ್ಯದ ಅಡುಗೆ.) ಒಂದೊಂದು ಸಾಲಿನಲ್ಲಿ ಎರಡು ಕೆಂಪು ಸುತ್ತು ಬಿದ್ದಿವೆ. ಆದರೆ ಆ ಸುತ್ತುಗಳು ಒಂದೇ ಜಾತಿಯವಲ್ಲ. ಎತಿನ, ಕಟಿ, ರೊಟಿ ಇವು ಕಾಗುಣಿತದ ತಪ್ಪು. ಸರಿಯಾಗಿ ನೋಡಿ, ಅವ್ವ, ಸಜ್ಜಿ, ಪಲ್ಯ, ಚೆಲ್ಲಿದ ಎಲ್ಲ ಸರಿ ಬರೆದಿದ್ದಾನೆ. ಕೈಕೊಟ್ಟಿರುವುದು ತ ಒತ್ತು ಮತ್ತು ಟ ಒತ್ತು ಎರಡೇ. ಇದು ವಾರದಲ್ಲಿ ತಿದ್ದುವ ಕೆಲಸ. ಒಂದೇ ತಪ್ಪು ಹತ್ತು ಸಲ ಬಂದರೆ ನಾನು ಒಂದೇ ಸಲ ಅಂಕ ಕಳೆಯುತ್ತೇನೆ. ಹತ್ತು ಸಲ ಕಳೆದರೆ ಮಗು ಜಾಣ ಆಗುತ್ತದೆ, ಮುಂದಿನ ಸಲ ಕಡಿಮೆ ಬರೆಯುತ್ತದೆ. ಮುಗೀತು.

ಹೊಲಕ, ಮಾಡ್ಯಾಳ, ಹಿಂದ ಇವು ತಪ್ಪಕ್ಷರ ಅಲ್ಲವೇ ಅಲ್ಲ. ಮನೆಯ ಮಾತು, ಕಿವಿಗೆ ಕೇಳಿದ ಹಾಗೇ ಬರೆದಿದ್ದಾನೆ. ಪುಸ್ತಕದ ಕನ್ನಡದಲ್ಲಿ ಹೊಲಕ್ಕೆ, ಮಾಡಿದ್ದಾಳೆ ಅಂತ ಬರೆಯುವುದನ್ನು ಕಲಿಯಲೇಬೇಕು, ನಿಜ. ಆದರೆ ನಾಲ್ಕನೇ ತರಗತಿಯಲ್ಲಿ ಅದಕ್ಕೆ ಅಂಕ ಕಳೆಯುವುದು ನನಗೆ ಒಪ್ಪಿಗೆ ಇಲ್ಲ. ಪಕ್ಕದಲ್ಲಿ ಪುಸ್ತಕದ ರೂಪ ಬರೆದುಕೊಟ್ಟರೆ ಸಾಕು. ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿಗೆ, ಖಾನಾಪುರ, ನಿಪ್ಪಾಣಿ ಕಡೆ ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳಿಗೆ ಇದು ಇನ್ನೂ ಕಷ್ಟ. ಅವರ ವಾಕ್ಯದಲ್ಲಿ ವಿಭಕ್ತಿ ತಪ್ಪಿದರೆ ಅದು ದಡ್ಡತನ ಅಲ್ಲ.

ಆ ನಾಯಿಯ ಸಾಲಿಗೆ ಯಾರೂ ಒಂದು ಟಿಕ್ ಕೂಡ ಹಾಕಿಲ್ಲ. ನನಗೆ ಅದೇ ಬೇಜಾರು. ಅದು ಯಾವ ಗೈಡ್‌ನಲ್ಲೂ ಸಿಗುವ ಸಾಲಲ್ಲ, ಹುಡುಗ ಕಣ್ಣಾರೆ ಕಂಡದ್ದು. ಪಕ್ಕದ ಮನೆ ಹುಡುಗನ ಪ್ರಬಂಧ "ಹಬ್ಬಗಳು ನಮ್ಮ ಸಂಸ್ಕೃತಿಯ ಪ್ರತೀಕ" ಅಂತ ಶುರುವಾಗುತ್ತದೆ ಅಂದಿದ್ದೀರಿ. ಒಂಬತ್ತು ವರ್ಷದ ಹುಡುಗ ಪ್ರತೀಕ ಅನ್ನುತ್ತಾನಾ? ಬಾಯಿಪಾಠ ಅದು. ತಪ್ಪಿಲ್ಲ, ಅಕ್ಷರ ದುಂಡಗಿರಬಹುದು, ಅಂಕ ಬಂದಿದೆ. ಅಕ್ಷರ ಚೆಂದ ಇದ್ದರೆ ಓದುವವರ ಕೈ ಸಡಿಲಾಗುತ್ತದೆ ಅನ್ನುವುದು ಅಧ್ಯಯನಗಳಲ್ಲೂ ಕಂಡ ಸಂಗತಿ.

ನಾನು ನೋಡುವಾಗ 10 ಅಂಕ ಇಟ್ಟುಕೊಳ್ಳುತ್ತೇನೆ. ವಿಷಯಕ್ಕೆ 4, ಜೋಡಣೆಗೆ 2, ವಾಕ್ಯ ಮತ್ತು ಪದಕ್ಕೆ 2, ಕಾಗುಣಿತ ಮತ್ತು ಚಿಹ್ನೆಗೆ 2. ಅಕ್ಷರದ ಅಂದಕ್ಕೆ ಏನೂ ಇಲ್ಲ, ಓದಲು ಬಂದರೆ ಸಾಕು. ನಿಮ್ಮ ಮಗನಿಗೆ ವಿಷಯಕ್ಕೆ 4ಕ್ಕೆ 4 ಕೊಡುತ್ತೇನೆ. ಜೋಡಣೆಗೆ 1, ಯಾಕೆಂದರೆ ಊಟ ಮುಗಿದ ಮೇಲೆ ಮತ್ತೆ ಗಾಡಿ ಹತ್ತಿದ್ದು ಬಂದಿದೆ. ವಾಕ್ಯಕ್ಕೆ ಒಂದೂವರೆ, ಕಾಗುಣಿತಕ್ಕೆ ಅರ್ಧ. ಒಟ್ಟು 7. ಇನ್ನೊಬ್ಬ ಮಾಸ್ತರು 5 ಕೊಡಬಹುದು, ಆ ವ್ಯತ್ಯಾಸ ಎಲ್ಲ ಕಡೆ ಇದೆ.

ನೀವು ಮಾಡಬೇಕಾದದ್ದು: ಪಾಲಕರ ಸಭೆಗೋ, ಪಾಲಕರನ್ನು ಕರೆದು ಮಕ್ಕಳ ಕಲಿಕೆ ತೋರಿಸುವ ಸಮುದಾಯದತ್ತ ಶಾಲೆ ದಿನವೋ ಹೋಗಿ ಉತ್ತರ ಪತ್ರಿಕೆ ನೋಡಿ. "ಯಾಕೆ ಕಡಿಮೆ ಕೊಟ್ಟಿರಿ" ಅಂತ ಕೇಳಬೇಡಿ, ಅಕ್ಕೋರು (ಟೀಚರ್) ಬಾಗಿಲು ಹಾಕಿಕೊಳ್ಳುತ್ತಾರೆ. "ಯಾವುದರಲ್ಲಿ ಹಿಂದೆ ಇದ್ದಾನೆ, ಓದುವುದರಲ್ಲಾ, ಬರೆಯುವುದರಲ್ಲಾ" ಅಂತ ಕೇಳಿ. ಉತ್ತರ ತಾನೇ ಬರುತ್ತದೆ.

ಮನೆಯಲ್ಲಿ ಅವನು ಬರೆದದ್ದನ್ನು ಅವನಿಂದಲೇ ಜೋರಾಗಿ ಓದಿಸಿ. ಎಲ್ಲಿ ತಡವರಿಸುತ್ತಾನೋ ಅಲ್ಲಿ ವಾಕ್ಯ ಕೆಟ್ಟಿದೆ ಅಂತ ಅವನಿಗೇ ಗೊತ್ತಾಗುತ್ತದೆ. ಒತ್ತಿಗೆ ದಿನಾ ಐದು ಪದ ಉಕ್ತಲೇಖನ: ಬುತ್ತಿ, ಹತ್ತಿ, ಬೆಟ್ಟ, ಹಿಟ್ಟು, ಬಟ್ಟೆ. ಜೊತೆಗೆ ತೋಟದ ಡೈರಿ ಅವನ ಕೈಗೆ ಕೊಡಿ. ಯಾವ ಪ್ಲಾಟಿಗೆ ಯಾವತ್ತು ಔಷಧಿ ಹೊಡೆದಿರಿ, ಮಳೆ ಬಂತಾ, ನೀರು ಎಷ್ಟು ಹೊತ್ತು ಬಿಟ್ಟಿರಿ ಅಂತ ನೀವು ಹೇಳಿ, ಅವನು ಎರಡು ಮೂರು ವಾಕ್ಯ ಬರೆಯಲಿ. ತಾರೀಖು, ಹಿಂದೆ ಮುಂದೆ, ಪೂರ್ಣವಿರಾಮ ಎಲ್ಲ ಅಲ್ಲೇ ಕಲಿಯುತ್ತಾನೆ. ಪೆನ್ನು ಮಾತ್ರ ಕೊಡಿ, ಔಷಧಿ ಡಬ್ಬಿ ಮುಟ್ಟಿಸಬೇಡಿ.

ಟ್ಯೂಷನ್ ಈಗ ಬೇಡ. ಅಲ್ಲಿ ಮೊದಲು ಮಾಡುವುದೇ ಆ ಪ್ರತೀಕದ ಪ್ರಬಂಧ ಬರೆಸುವುದು. ಉತ್ತರ ಪತ್ರಿಕೆ ಕೈಗೆ ಸಿಕ್ಕರೆ, ಮಗನ ಮತ್ತು ಸಾಲಿಯ ಹೆಸರು ಮುಚ್ಚಿ ನನಗೆ ಖಾಸಗಿಯಾಗಿ ಕಳಿಸಿ, ನೋಡಿ ಹೇಳುತ್ತೇನೆ. ಗುಂಪಿನಲ್ಲಿ ಇನ್ನು ಚಾಟ್ನಿ (ದ್ರಾಕ್ಷಿ ಬಳ್ಳಿ ಸವರುವ) ಮಾತು ನಡೆಯಲಿ.